ಕಣ ಉಳಿಸಲು ಬರೆದ ಅರ್ಜಿ

ನಾನು ನಡೆಯುವಾಗ ಕಾಲನ್ನು ನೆಲದಿಂದ ಎತ್ತುವುದಿಲ್ಲ, ತಳ್ಳುತ್ತೇನೆ. ಇದನ್ನು ನಾನಾಗಿ ಯಾರಿಗೂ ಹೇಳಬೇಕಾಗಿಲ್ಲ. ನನಗಿಂತ ಹತ್ತು ಹೆಜ್ಜೆ ಮುಂಚೆ ನನ್ನ ಚಪ್ಪಲಿಯ ಸದ್ದು ಬಂದು ಹೇಳಿರುತ್ತದೆ. ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಕೂರುವ ಚಪ್ಪಲಿ ಹೊಲಿಯುವ ಹಿರಿಯರು ಪ್ರತಿ ಸಲವೂ ನನ್ನ ಚಪ್ಪಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. "ಎಲ್ಲಾರ ಚಪ್ಲಿ ಹಿಂದ ಸವೀತಾವ್ರಿ ಅಕ್ಕಾರ, ನಿಮ್ಮದು ಮುಂದ ಸವದೈತಿ. ನೀವೇನು ನಡೀತೀರೋ, ಇಲ್ಲಾ ಹೊಲ ಹೊಡೀತೀರೋ?" ಎಂದು ಕೇಳುತ್ತಾರೆ. ನಮ್ಮ ಮನೆಯವರು ಬಾದನಹಟ್ಟಿಯವರು, ಹೈಸ್ಕೂಲು ಮಾಸ್ತರು, ಮಾತಿನಲ್ಲಿ ಒಂದು ಕೈ ಮೇಲು. "ನೀ ಬರೋದು ಓಣಿ ತುದೀಗೇ ಗೊತ್ತಾಗತೈತಿ. ಜೀವನದಾಗ ಏನರ ಮಾಡು, ಕಳತನಕ್ಕ ಮಾತ್ರ ಹೋಗಬ್ಯಾಡ" ಅನ್ನುತ್ತಾರೆ.

ಇಂಥ ನಡಿಗೆಯವಳಿಗೆ ದೇವರು ಕೊಟ್ಟ ಕೆಲಸವಾದರೂ ಎಂಥದು? ಗ್ರಂಥಾಲಯದ್ದು. 'ಮೌನವಾಗಿರಿ' ಎಂಬ ಬೋರ್ಡಿನ ಕೆಳಗೆ ಕೂತು, ಎದ್ದಾಗಲೆಲ್ಲ ಪರ್ ಪರ್ ಎಂದು ಸದ್ದು ಮಾಡುತ್ತಾ ಹೋಗುವವಳು ನಾನೊಬ್ಬಳೇ. ಹುಡುಗಿಯರು ಪುಸ್ತಕದೊಳಗೆ ಮುಖ ಹುದುಗಿಸಿ ನಗುತ್ತಾರೆ. ಕೊನೆಗೆ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಓಡಾಡುವುದನ್ನು ರೂಢಿ ಮಾಡಿಕೊಂಡೆ. ಆಗ ಒಂದು ತಮಾಷೆಯಾಯಿತು. ಬರಿಗಾಲು ಆ ನೆಲಕ್ಕೆ ತಾಗಿದ್ದೇ ತಡ, ತಳ್ಳುವುದು ಇನ್ನೂ ಹೆಚ್ಚಾಯಿತು. ಕಾಲಿಗೆ ತಾನು ಎಲ್ಲಿದ್ದೇನೆಂದು ನೆನಪಾಗಿಬಿಟ್ಟಿತ್ತು.

ಯಾಕೆಂದರೆ ಈಗ ನಾನು ಕೂರುವ ಈ ಗ್ರಂಥಾಲಯ ಮೊದಲು ಭತ್ತದ ಚೀಲ ಒಟ್ಟುವ ಗೋದಾಮು. ಊರ ಹೊರಗಿನ ಈ ವಿಶ್ವವಿದ್ಯಾಲಯದ ಆವರಣ ಪೂರ್ತಿ ಒಂದು ಕಾಲದ ಅಕ್ಕಿ ಮಿಲ್ಲು. ಭತ್ತ, ನಮ್ಮವರ ಬಾಯಲ್ಲಿ ನೆಲ್ಲು, ಅದನ್ನು ಕುದಿಸಿ, ಒಣಗಿಸಿ, ಅಕ್ಕಿ ಮಾಡುವ ಮಿಲ್ಲು. ನಮ್ಮಪ್ಪ ಅಲ್ಲಿ ಹಮಾಲಿ, ಚೀಲ ಹೊರುತ್ತಿದ್ದ. ನಮ್ಮವ್ವ ಕಣದ ಕೆಲಸದವಳು.

ಕಣ ಅಂದರೆ ಹೊಲದಲ್ಲಿ ಸಗಣಿ ಬಳಿದು ಮಾಡುವ ಕಣವಲ್ಲ. ಗಚ್ಚಿನ ಕಣ, ಮಿಲ್ಲಿನ ನಡುವೆ ನಾಲ್ಕು ದಿಕ್ಕಿಗೂ ಚಾಚಿಕೊಂಡ, ಒಂದು ಹುಲ್ಲುಕಡ್ಡಿಯೂ ಇಲ್ಲದ ಬೋಳು ಬಯಲು. ತೊಟ್ಟಿಯಲ್ಲಿ ನೆನೆಸಿ ಉಗಿಯಲ್ಲಿ ಬೇಯಿಸಿದ ಭತ್ತವನ್ನು ಹಬೆಯಾಡುತ್ತಿರುವಾಗಲೇ ತಂದು ಅದರ ಮೇಲೆ ಸುರಿಯುತ್ತಿದ್ದರು. ಹೆಂಗಸರು ಹಲಗೆಯಿಂದ ಎಳೆದು ಹರವುತ್ತಿದ್ದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸಾಲಾಗಿ ನಿಂತು ಭತ್ತದೊಳಗೆ ಪಾದ ಹೂತು ತಳ್ಳುತ್ತಾ ಹೊರಡುತ್ತಿದ್ದರು. ಇದಕ್ಕೆ ಕಾಲಾಡಿಸುವುದು ಅನ್ನುತ್ತಿದ್ದರು. ಹೋದ ದಾರಿಯಲ್ಲಿ ಎರಡೆರಡು ಗೆರೆ ಬೀಳುತ್ತಿತ್ತು. ಆ ತುದಿಯಿಂದ ಈ ತುದಿಗೆ ಬಂದು, ಒಂದಿಷ್ಟು ಹೊತ್ತು ಬಿಟ್ಟು ಅಡ್ಡಕ್ಕೆ ಮತ್ತೆ ಅದೇ. ಕೆಳಗಿನ ಹಸಿ ಕಾಳು ಮೇಲೆ ಬರಬೇಕು, ಮೇಲಿನ ಒಣ ಕಾಳು ಕೆಳಗೆ ಹೋಗಬೇಕು. ನಡುನಡುವೆ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿಯುವುದು. ಮೆತ್ತಗಾದರೆ ಇನ್ನೂ ಬೇಕು, ಕಟ್ ಅಂದರೆ ಆಯಿತು.

ನಾನು ಸಾಲೆ ಬಿಟ್ಟವಳೇ ಪಾಟಿಚೀಲವನ್ನು ಗೋದಾಮಿನ ಕಟ್ಟೆಯ ಮೇಲೆ ಎಸೆದು ಅವ್ವನ ಹಿಂದೆ ಸೇರಿಕೊಳ್ಳುತ್ತಿದ್ದೆ. ಅವ್ವನ ಎರಡು ಗೆರೆಗಳ ನಡುವೆ ನನ್ನ ಸಣ್ಣ ಎರಡು ಗೆರೆ. ಹೊತ್ತು ಇಳಿದಿರುತ್ತಿತ್ತು. ಭತ್ತ ಹದವಾಗಿ ಬೆಚ್ಚಗೆ, ಬಚ್ಚಲ ನೀರಿನಷ್ಟು ಬೆಚ್ಚಗೆ ಇರುತ್ತಿತ್ತು. ಕಾಲ್ಬೆರಳ ಸಂದಿಯಲ್ಲಿ ಕಾಳುಗಳು ಜಾರುವ ಕಚಗುಳಿ, ಬೇಯಿಸಿದ ಭತ್ತದ ಆ ಹಸಿದ ಹೊಟ್ಟೆಯನ್ನು ಕರೆಯುವ ವಾಸನೆ, ಉಮಿ ಉರಿಸುವ ಬಾಯ್ಲರಿನ ಚಿಮಣಿಯಿಂದ ಉದುರಿ ಕೂದಲಲ್ಲಿ ಕೂರುವ ಕರೀ ಬೂದಿ. ಅವ್ವನ ಜೊತೆಗಾರ್ತಿ ಖಾಜಾಬಿ ಚಿಗವ್ವ ಹಾಡು ಕಟ್ಟಿ ಎಲ್ಲರನ್ನೂ ಚುಚ್ಚುತ್ತಿದ್ದಳು. ಖಾಜಾಬಿಯನ್ನು ನಾನು ಚಿಗವ್ವ ಅನ್ನುತ್ತಿದ್ದೆ, ಅವಳು ನನ್ನನ್ನು ಬೇಟಿ ಅನ್ನುತ್ತಿದ್ದಳು, ಅವಳ ಮೊಮ್ಮಕ್ಕಳು ಈಗಲೂ ನನ್ನನ್ನು ಖಾಲಾ ಅನ್ನುತ್ತಾರೆ. ಇದರಲ್ಲಿ ಯಾರಿಗೂ ಯಾವ ಗೊಂದಲವೂ ಇರಲಿಲ್ಲ.

ಯಂತ್ರದಲ್ಲೇ ಒಣಗಿಸುವ ಹೊಸ ಮಿಲ್ಲುಗಳು ಬಂದವು. ಬಿಸಿಲು ಕಾಯುವ ನಮ್ಮ ಮಿಲ್ಲು ಒಂದು ಸುಗ್ಗಿಯಲ್ಲಿ ಅರ್ಧ ಓಡಿತು, ಮುಂದಿನ ಸುಗ್ಗಿಯಲ್ಲಿ ಓಡಲೇ ಇಲ್ಲ. ಗೇಟಿಗೆ ಬೀಗ ಬಿದ್ದ ಮೇಲೆ ಒಳಗೆ ಜಾಲಿ ಬೆಳೆಯಿತು. ಸುತ್ತಲಿನ ಸೀಮೆಯವರು ಅದನ್ನು ಬಳ್ಳಾರಿ ಜಾಲಿ ಎಂದೇ ಕರೆಯುತ್ತಾರೆ. ಒಂದು ಜಿಲ್ಲೆಯ ಹೆಸರು ಹೊತ್ತ ಗಿಡಕ್ಕೆ ಎಷ್ಟು ಸೊಕ್ಕಿರಬೇಕೋ ಅಷ್ಟೂ ಅದಕ್ಕಿದೆ. ತೊಟ್ಟಿಯೊಳಗೆ, ಬಾಯ್ಲರಿನ ಬಾಯಲ್ಲಿ, ಗೋಡೆಯ ಬಿರುಕಿನಲ್ಲಿ, ಎಲ್ಲೆಡೆ ಅದೇ. ಕಣದಲ್ಲಿ ಮಾತ್ರ ಬೆಳೆಯಲಿಲ್ಲ. ಅಂಥ ಗಚ್ಚು ಅದು. ಬಸ್ಸಿನಲ್ಲಿ ಹೋಗುವಾಗ ಜಾಲಿಯ ನಡುವೆ ಬೆಳ್ಳಗೆ ಮಿನುಗುತ್ತಿತ್ತು. ನಾನು ಕಿಟಕಿಯ ಪಕ್ಕದ ಸೀಟಿಗಾಗಿ ಜಗಳ ಮಾಡಿ ಕೂರುತ್ತಿದ್ದುದು ಅದಕ್ಕೇ. ಆ ಹೊತ್ತಿಗೆ ಅಪ್ಪ ಇರಲಿಲ್ಲ. ಅವ್ವ ನನ್ನ ತಮ್ಮನ ಜೊತೆ ನಮ್ಮ ತಾಲೂಕಿನದೇ ಹಳ್ಳಿ ಕರೂರಿಗೆ ಹೋಗಿದ್ದಳು. ಅವನ ಗದ್ದೆ, ಅವನ ಎಮ್ಮೆ, ಅವನ ಮಕ್ಕಳ ಜಗಳ, ಅವಳಿಗೆ ಕೈತುಂಬ ಕೆಲಸ.

ಆಮೇಲೆ ವಿಶ್ವವಿದ್ಯಾಲಯ ಬಂತು. ಬಂದವರು ಕೆಡವಿ ಕಟ್ಟುವವರಲ್ಲ. ಇದ್ದದ್ದನ್ನು ಇದ್ದ ಹಾಗೇ ಬಳಸಿ, ನೀರು, ಕರೆಂಟು ಎಲ್ಲ ಇಲ್ಲಿಯದೇ ಮಾಡಿಕೊಳ್ಳುವ ಆವರಣ ಕಟ್ಟಬೇಕೆಂದವರು. ಇದರ ಉಸ್ತುವಾರಿಗೆ ಬಳ್ಳಾರಿಯಿಂದ ಸುಮತಿ ಮೇಡಂ ಬರುತ್ತಿದ್ದರು. ವಯಸ್ಸಿನಲ್ಲಿ ನನ್ನ ತಂಗಿಯಂಥವರು, ತಲೆಗೊಂದು ದೊಡ್ಡ ಟೋಪಿ, ಕೈಯಲ್ಲಿ ನಕ್ಷೆ. ಗೋದಾಮು ಗ್ರಂಥಾಲಯವಾಯಿತು, ಚಾವಣಿಯ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳು ಕೂತವು. ಭತ್ತ ನೆನೆಸುವ ತೊಟ್ಟಿಗಳಿಗೆ ಮಳೆನೀರು ಬಂದು ಬೀಳುವಂತಾಯಿತು. ಬಾಯ್ಲರಿನ ಮನೆ ಊಟದ ಮನೆಯಾಯಿತು. ಗುಡ್ಡೆಬಿದ್ದಿದ್ದ ಉಮಿಬೂದಿಯನ್ನು ಇಟ್ಟಿಗೆಗೆ ಬೆರೆಸಿದರು. "ಇಲ್ಲಿ ಯಾವುದನ್ನೂ ಎಸೆಯುವುದಿಲ್ಲ ನೋಡಿ, ಹಳೆಯದಕ್ಕೆಲ್ಲ ಹೊಸ ಕೆಲಸ ಕೊಡ್ತೀವಿ" ಎಂದು ಮೇಡಂ ಬಂದವರಿಗೆಲ್ಲ ಹೆಮ್ಮೆಯಿಂದ ವಿವರಿಸುತ್ತಿದ್ದರು.

ನನಗೆ ಒಳಗೊಳಗೇ ನಗು. ಮಿಲ್ಲಿನ ಹರಿದ ಗೋಣಿಚೀಲವೊಂದು ನಮ್ಮ ಮನೆಗೆ ಬಂದರೆ ಅದು ಮೊದಲು ನಮ್ಮ ಹಾಸಿಗೆ. ಹಾಸಿಗೆಯಾಗಿ ತೂತು ಬಿದ್ದರೆ ಬಚ್ಚಲ ಪರದೆ. ಮಳೆ ಬಂದರೆ ಒಂದು ಮೂಲೆಯನ್ನು ಇನ್ನೊಂದಕ್ಕೆ ಮಡಿಸಿ ತಲೆಗೆ ಕೊಪ್ಪೆ. ಪರದೆ ಹರಿದರೆ ಕಾಲೊರೆಸು, ಕಾಲೊರೆಸು ಸವೆದರೆ ಒಲೆಯ ಮೇಲಿನ ಪಾತ್ರೆ ಇಳಿಸುವ ಬಟ್ಟೆ, ಅದೂ ಸುಟ್ಟರೆ ಒಲೆಗೆ. ಅವ್ವ ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತದೆ ಇದನ್ನೆಲ್ಲ ಮಾಡುತ್ತಿದ್ದಳು. ಈ ಮಾತನ್ನು ಒಂದು ದಿನ ಚಹಾ ಕುಡಿಯುವಾಗ ಮೇಡಂಗೆ ಹೇಳಿಬಿಟ್ಟೆ. ಅವರು ನಗಲಿಲ್ಲ. ಪುಸ್ತಕ ತೆಗೆದು ಬರೆದುಕೊಂಡರು. ಅಂದಿನಿಂದ ನಾನು ಅವರ ಪಾಲಿಗೆ ಈ ಜಾಗದ ನೆನಪಿನ ಪೆಟ್ಟಿಗೆ. ಜಾಲಿ ಕಡಿಯುವಾಗ ಸಿಕ್ಕ ಒಂದು ಉದ್ದ ಹಿಡಿಯ ಹಲಗೆಯನ್ನು ಯಾರೋ ಗೋಡೆಗೆ ತೂಗುಹಾಕಿ 'ಪ್ರಾಚೀನ ಕೃಷಿ ಉಪಕರಣ' ಎಂದು ಚೀಟಿ ಅಂಟಿಸಿದ್ದರು. ಅದು ನಾನು ಎಳೆದ ಹಲಗೆ ಎಂದು ಹೇಳಿ ನಾನೇ ಚೀಟಿ ಕಿತ್ತುಹಾಕಿದೆ. ನನಗಿನ್ನೂ ಐವತ್ತು ತುಂಬಿರಲಿಲ್ಲ. ಪ್ರಾಚೀನ ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ.

ಈ ಪೆಟ್ಟಿಗೆಯ ಬಿರುದೇ ನನ್ನನ್ನು ಕೆಡಿಸಿದ್ದು.

ಮೇಡಂ ನಕ್ಷೆಯಲ್ಲಿ ಕಣವನ್ನು ಒಡೆಯುವುದೆಂದು ಇತ್ತು. ಅದರಲ್ಲಿ ಇಂಗುಗುಂಡಿ ತೋಡಿ, ಮಿಕ್ಕ ಜಾಗದಲ್ಲಿ ಗಿಡ ಹಚ್ಚುವುದು. ಗಚ್ಚು ಮಳೆಯ ನೀರನ್ನು ನೆಲಕ್ಕೆ ಇಳಿಯಗೊಡುವುದಿಲ್ಲ, ಬೇಸಿಗೆಯಲ್ಲಿ ಕಾದು ಸುತ್ತಲಿನ ಕೋಣೆಗಳನ್ನೂ ಕಾಯಿಸುತ್ತದೆ ಎಂಬುದು ಅವರ ವಾದ. ನಕ್ಷೆಯಲ್ಲಿ ಕಣದ ಮೇಲೆ ಹಸಿರು ಬಣ್ಣದ ಗುಂಡುಗುಂಡು ಚುಕ್ಕೆಗಳನ್ನು ಕಂಡ ದಿನ ನನಗೆ ಅನ್ನ ಇಳಿಯಲಿಲ್ಲ. ರಾತ್ರಿಯೂಟಕ್ಕೆ ಮಾಡಿದ್ದ ಪುಂಡಿಪಲ್ಯಕ್ಕೆ ಉಪ್ಪು ಹಾಕುವುದು ಮರೆತಿದ್ದೆನೆಂದು ನನ್ನ ದಿನಚರಿಯಲ್ಲಿ ಬರೆದಿದೆ. ದಿನಚರಿ ಬರೆಯುವುದು ನನ್ನ ಇನ್ನೊಂದು ಚಾಳಿ. ಅದರಲ್ಲಿ ಘನವಾದದ್ದು ಏನೂ ಇರುವುದಿಲ್ಲ. ಯಾವತ್ತು ಮೊದಲ ಮಳೆ ಹನಿಯಿತು, ಯಾವ ಹುಡುಗಿ ಪುಸ್ತಕದ ಯಾವ ಹಾಳೆ ಮಡಿಚಿ ತಂದಳು, ಕುರುಗೋಡಿನ ಬಸ್ಸು ಎಷ್ಟು ತಡವಾಯಿತು, ಇಷ್ಟೇ. ಇಷ್ಟನ್ನು ನೆನಪಿಟ್ಟುಕೊಳ್ಳುವವಳಿಗೆ ತನ್ನ ಬಾಲ್ಯ ತನಗೆ ಪೂರಾ ಗೊತ್ತು ಎಂಬ ಜಂಬ ಬಂದುಬಿಡುತ್ತದೆ.

ಒಂದು ಅರ್ಜಿ ಬರೆದೆ. ಎರಡು ಪುಟದ್ದು. 'ಈ ಕಣದ ಪ್ರತಿ ಅಂಗುಲದಲ್ಲೂ ನನ್ನ ತಾಯಿಯಂಥ ನೂರಾರು ತಾಯಂದಿರ ಪಾದದ ಗೆರೆಗಳಿವೆ' ಎಂದು ಶುರುಮಾಡಿ, ಅವರ ಬೆವರು, ಅವರ ಹಾಡು, ಸಂಜೆಯ ಬೆಚ್ಚನೆ ಭತ್ತ ಎಲ್ಲವನ್ನೂ ಸುರಿದೆ. ಬರೆಯುತ್ತ ಬರೆಯುತ್ತ ನನಗೇ ಅಳು ಬಂತು. ಮನೆಯವರಿಗೆ ಓದಿ ಹೇಳಿದೆ. ಅವರು ಕನ್ನಡ ಮಾಸ್ತರು, ಎರಡು ಕಡೆ ಕಾಗುಣಿತ ತಿದ್ದಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು.

"ನಿಮ್ಮವ್ವನ್ನ ಒಂದು ಮಾತು ಕೇಳಿದ್ಯೇನು?"

"ಆಕಿನ್ನ ಏನು ಕೇಳೋದು? ಆಕೀ ಸಲುವಾಗಿನ ಬರದೀನಲ್ಲ."

"ಅದಕ್ಕ ಅಂದೆ" ಎಂದು ಅವರು ಮತ್ತೆ ಕನ್ನಡಕ ಹಾಕಿಕೊಂಡು ಪರೀಕ್ಷೆಯ ಪೇಪರು ತಿದ್ದಲು ಕೂತರು. ಮಾಸ್ತರಿಗೆ ಎಲ್ಲದರಲ್ಲೂ ತಪ್ಪು ಹುಡುಕುವ ರೋಗ ಅಂದುಕೊಂಡೆ.

ಅರ್ಜಿ ಗೆದ್ದಿತು. ಸಭೆಯಲ್ಲಿ ಓದಿದಾಗ ಹಿರಿಯರೊಬ್ಬರು ಕಣ್ಣೊರೆಸಿಕೊಂಡರಂತೆ. ಕಣವನ್ನು ಇದ್ದಂತೆಯೇ ಉಳಿಸುವುದು, ಬಯಲು ರಂಗಮಂಚ ಮಾಡುವುದು, ಗಿಡಗಳಿಗೆ ಬೇರೆ ಜಾಗ ನೋಡುವುದು ಎಂದಾಯಿತು. ಬೇರೆ ಜಾಗ ಅಂದರೆ ಹಿಂದಿನ ಗೋಡೆಗುಂಟ ಒಂದು ಸಾಲು. ಅಲ್ಲಿಗೆ ಯಾರೂ ಹೋಗುವುದಿಲ್ಲ. ಸುಮತಿ ಮೇಡಂ ನನ್ನ ಕೈ ಹಿಡಿದು, "ನನ್ನ ನಕ್ಷೆ ಸೋತಿತು, ಆದ್ರೆ ನೀವು ಬರೆದದ್ದು ಓದಿ ಬೇಜಾರಾಗಲಿಲ್ಲ" ಎಂದರು. ಕಣವನ್ನು ತೊಳೆದು ಒಪ್ಪ ಮಾಡಿ, ಅಲ್ಲೇ ಹಳೆಯ ಕೆಲಸಗಾರ್ತಿಯರಿಗೆ ಸನ್ಮಾನ ಎಂದು ನಿಶ್ಚಯವಾಯಿತು. ಹುಡುಕಿದರೆ ಬರುವಂತಿದ್ದವರು ಇಬ್ಬರೇ, ಅವ್ವ ಮತ್ತು ಖಾಜಾಬಿ ಚಿಗವ್ವ.

ಅವ್ವ ಅಲ್ಲಿಯವರೆಗೆ ಒಮ್ಮೆಯೂ ಆವರಣಕ್ಕೆ ಕಾಲಿಟ್ಟಿರಲಿಲ್ಲ. ನಾನು ಅಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಕರೆಯುತ್ತಿದ್ದೆ. ನಮ್ಮಪ್ಪ ಚೀಲ ಒಟ್ಟಿದ ಜಾಗದಲ್ಲಿ ನಾನು ಕುರ್ಚಿಯ ಮೇಲೆ, ಫ್ಯಾನಿನ ಕೆಳಗೆ ಕೂರುವುದನ್ನು ಅವಳು ಒಮ್ಮೆ ಕಣ್ಣಾರೆ ನೋಡಲಿ ಎಂಬುದು ನನ್ನ ಆಸೆ. ಅವಳಿಗೆ ಒಂದು ವಾರ ಎಮ್ಮೆ ಈಯುತ್ತದೆ, ಮತ್ತೊಂದು ವಾರ ಮೊಣಕಾಲು ನೋವು, ಇನ್ನೊಂದು ವಾರ ನಾಟಿ. "ಮೂವತ್ತು ವರ್ಷ ನೋಡೀನಿ, ಇನ್ನೇನು ನೋಡೋದೈತಿ ಅಲ್ಲಿ?" ಎನ್ನುತ್ತಿದ್ದಳು. ಈ ಸಲ ಖಾಜಾಬಿ ಬರುತ್ತಾಳೆಂದ ಮೇಲೆ ಒಪ್ಪಿದಳು.

ಯುಗಾದಿ ಕಳೆದು ಎರಡು ವಾರ. ಬಿಸಿಲು ನಮ್ಮ ಸೀಮೆಯ ಬಿಸಿಲು, ನಿಮಗೆ ನಾನು ಬಣ್ಣಿಸಬೇಕಾಗಿಲ್ಲ. ಕರೂರಿನ ಬಸ್ಸಿನಿಂದ ಅವ್ವ ಹಸಿರು ಇಳಕಲ್ ಸೀರೆಯಲ್ಲಿ ಇಳಿದಳು. ಖಾಜಾಬಿ ಚಿಗವ್ವ ಆಗಲೇ ಗೇಟಿನಲ್ಲಿ ಕಾವಲಿನವನ ಜೊತೆ ವಾದಕ್ಕೆ ನಿಂತಿದ್ದಳು. ಅವನು ಪುಸ್ತಕದಲ್ಲಿ ಹೆಸರು ಬರೆಯಬೇಕೆಂದಿದ್ದ. ಅವ್ವನನ್ನು ಕಂಡವಳೇ ಕೂಗಿದಳು.

"ನೋಡಲೇ ಈರಮ್ಮಾ, ಈಗ ಒಳಗ ಹೋಗಾಕ ಹೆಸರು ಬರಸ್ತಾರಂತ! ಏನಪ್ಪಾ, ಹೊರಗ ಬರಬೇಕಾರ ಏನು ಮಾಡಸ್ತಿ? ಸೆರಗು ಜಾಡಸ್ತೀಯೇನು?"

ಅವನಿಗೆ ತಿಳಿಯಲಿಲ್ಲ. ಮಿಲ್ಲಿನ ಕಾಲದಲ್ಲಿ ಸಂಜೆ ಕೆಲಸ ಬಿಟ್ಟು ಹೋಗುವಾಗ ಹೆಂಗಸರೆಲ್ಲ ಇದೇ ಗೇಟಿನಲ್ಲಿ ನಿಂತು ಸೆರಗು ಬಿಚ್ಚಿ ಕೊಡವಿ, ಮಡಿಲಲ್ಲಿ ಕಾಳಿಲ್ಲವೆಂದು ತೋರಿಸಿ ಹೋಗಬೇಕಿತ್ತು. ನನಗೆ ಅದು ಆಗ ಆಟದಂತೆ ಕಾಣುತ್ತಿತ್ತು. ನಾನೂ ಲಂಗ ಕೊಡವಿ ತೋರಿಸುತ್ತಿದ್ದೆ. ಅವ್ವ ಹೆಬ್ಬೆಟ್ಟು ಒತ್ತಲು ಕೈ ಚಾಚಿದಳು. "ಸಹಿ ಮಾಡವ್ವಾ, ಬರತೈತಲ್ಲ" ಎಂದೆ. ನಾನೇ ಕಲಿಸಿದ್ದೆ. ಮೂರು ಅಕ್ಷರವನ್ನು ಮೂರು ನಿಮಿಷ ಬರೆದಳು. ಹಿಂದೆ ನಿಂತಿದ್ದ ಹುಡುಗರ ಸಾಲು ಕಾಯಿತು.

ಒಳಗೆ ಬಂದು ಕಣ ಕಂಡೊಡನೆ ಇಬ್ಬರೂ ನಿಂತರು. ತೊಳೆದು ಬೆಳ್ಳಗೆ, ಖಾಲಿಯಾಗಿ, ಕಣ್ಣು ಕುಕ್ಕುವಂತೆ ಬಿದ್ದಿತ್ತು. ಆ ತುದಿಯಲ್ಲಿ ವೇದಿಕೆಗೆ ಮಾತ್ರ ಶಾಮಿಯಾನ. ಅವ್ವ ಅಂಚಿಗೆ ಬಂದವಳೇ ಚಪ್ಪಲಿ ಬಿಟ್ಟಳು. ಖಾಜಾಬಿಯೂ ಬಿಟ್ಟಳು. ಅನ್ನ ಹರವುವ ಜಾಗಕ್ಕೆ ಚಪ್ಪಲಿ ಹಾಕಿ ಹೋಗಬಾರದೆಂಬುದು ಅವರಿಗೆ ಮೈಗೆ ಹತ್ತಿದ ಮಾತು. ನಾನು "ಸುಡತೈತಿ ಅವ್ವಾ, ಹಾಕ್ಯೋ, ಈಗ ನೆಲ್ಲಿಲ್ಲ" ಎಂದರೂ ಕೇಳಲಿಲ್ಲ. ಇಬ್ಬರೂ ಸೆರಗು ತಲೆಯ ಮೇಲೆ ಎಳೆದುಕೊಂಡು ಕಣ ದಾಟಿದರು. ನಾನು ಹಿಂದಿನಿಂದ ನೋಡುತ್ತಿದ್ದೆ. ಅವ್ವನ ಮೊಣಕಾಲು ನೋವು ಎಲ್ಲಿ ಹೋಯಿತೋ, ಚುರುಕಾಗಿ ನಡೆಯುತ್ತಿದ್ದಳು. ಹಳೆಯ ಹುರುಪು ಬಂತು ಎಂದು ನನಗೆ ಸಂತೋಷವಾಯಿತು. ದಿನಚರಿಗೆ ಒಂದು ಸಾಲು ಸಿಕ್ಕಿತು ಎಂದೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಹನ್ನೊಂದರ ಕಾರ್ಯಕ್ರಮಕ್ಕೆ ಅತಿಥಿಗಳು ಹನ್ನೆರಡೂವರೆಗೆ ಬಂದರು. ಶಾಲು, ಹಾರ, ಹಣ್ಣಿನ ಬುಟ್ಟಿ. ನನ್ನ ಅರ್ಜಿಯಿಂದ ಎರಡು ಪ್ಯಾರಾ ಓದಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಅವ್ವನ ಕೈಗೆ ಮೈಕು ಕೊಟ್ಟು, ಈ ಕಣದ ಬಗ್ಗೆ ಎರಡು ಮಾತು ಹೇಳಬೇಕೆಂದರು. ಅವ್ವ ಮೈಕನ್ನು ಸೌಟು ಹಿಡಿದಂತೆ ಹಿಡಿದುಕೊಂಡಳು.

"ಎಲ್ಲಾರ್ಗೂ ಶರಣ್ರಿ. ಶಾಲು ಹೊಚ್ಚೀರಿ, ಚಲೋ ಆತು. ಕಣ ತೊಳದು ಚಂದ ಇಟ್ಟೀರಿ, ಅದೂ ಚಲೋ ಆತು. ಇನ್ಮ್ಯಾಲ ಇದರಾಗ ನೆಲ್ಲು ಒಣಗಸ್ತೀರೇನ್ರಿ?"

ವೇದಿಕೆಯ ಮೇಲಿದ್ದವರು ನಕ್ಕು, ಇಲ್ಲವೆಂದು ತಲೆಯಾಡಿಸಿದರು.

"ಮತ್ತ ಯಾಕ ಇಟ್ಟೀರಿ?"

ಅವ್ವ ನನ್ನತ್ತ ನೋಡಿದಳು. "ನನ್ನ ಮಗಳು ಕಾಗದ ಬರದು ಉಳಸ್ಯಾಳಂತ. ಆಕೀಗೆ ತಿಳಿಯಂಗಿಲ್ರಿ, ಸಣ್ಣಾಕಿ. ನೀವು ಓದಿದವರು ಅದೀರಿ. ಒಡೀರಿ ಇದನ್ನ. ಗಿಡ ಹಚ್ರಿ."

ಮೈಕನ್ನು ಮೇಜಿನ ಮೇಲೆ ಮಲಗಿಸಿ ಕೂತುಬಿಟ್ಟಳು. ಖಾಜಾಬಿ ಚಿಗವ್ವ ಒಬ್ಬಳೇ ಚಪ್ಪಾಳೆ ತಟ್ಟಿದಳು. "ಖರೆ ಮಾತು! ನನ್ನ ಪಾದ ಈಗಷ್ಟೇ ರೊಟ್ಟಿ ಆದಾವು, ಬೇಕಾರ ಬಂದು ನೋಡ್ರಿ!" ಎಂದು ಕಾಲೆತ್ತಿ ತೋರಿಸಿದಳು. ಹುಡುಗಿಯರು ಮೊದಲು ನಕ್ಕರು, ಆಮೇಲೆ ಮುಂದೆ ಬಾಗಿ ನೋಡಿದರು. ಅಂಗಾಲು ನಿಜಕ್ಕೂ ಕೆಂಪಾಗಿತ್ತು.

ಊಟಕ್ಕೆ ಮೊದಲು ಅವ್ವನನ್ನು ಗ್ರಂಥಾಲಯಕ್ಕೆ ಕರೆತಂದೆ. ನಾನು ವರ್ಷಗಟ್ಟಲೆ ಕಾದ ಗಳಿಗೆ. ನನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಫ್ಯಾನು ಹಚ್ಚಿ, ನೀರು ಕೊಟ್ಟು, ಆಮೇಲೆ ಜಗಳ ತೆಗೆದೆ. "ಎಲ್ಲಾರ ಮುಂದ ನನ್ನ ಮರ್ಯಾದಿ ತಗದ್ಯಲ್ಲವ್ವಾ. ನಿನ್ನ ಸಲುವಾಗಿ ಎಷ್ಟು ಕಷ್ಟಪಟ್ಟು ಉಳಿಸಿದ್ದೆ."

"ನಿನ್ನ ಮರ್ಯಾದಿ ತಗಿಯಾಕ ನಾ ಕರೂರಿಂದ ಬಸ್ಸು ಹತ್ತಿ ಬರಬೇಕಿತ್ತೇನು? ನನ್ನ ಸಲುವಾಗಿ ಅಂತಿ. ನನ್ನ ಕೇಳಿದ್ಯಾ?"

ಮನೆಯವರು ಅಲ್ಲಿ ಇಲ್ಲದಿದ್ದದ್ದೇ ಪುಣ್ಯ.

"ನಿನಗ ಆ ಕಣ ಅಂದ್ರ ಪ್ರೀತಿ ಇಲ್ಲೇನವ್ವಾ? ಹಾಡು ಹಾಡ್ತಿದ್ರಿ, ನಗತಿದ್ರಿ..."

"ನೀ ಬರೋ ಹೊತ್ತಿಗೆ ಹಾಡತಿದ್ವಿ. ಮನೀಗೆ ಹೋಗೋ ಹೊತ್ತು ಅದು, ಯಾರು ಹಾಡಾಂಗಿಲ್ಲ?" ಅವ್ವ ನೀರು ಕುಡಿದು ಲೋಟವನ್ನು ಮೇಜಿನ ಅಂಚಿಗೆ ಸರಿಯಾಗಿ ಇಟ್ಟಳು. "ನೀ ಸಾಲಿ ಬಿಟ್ಟು ಬರತಿದ್ದಿ. ಮಧ್ಯಾಹ್ನದಾಗ ಏನಿತ್ತು, ನಿನಗೇನು ಗೊತ್ತು?"

ನನ್ನ ಇಡೀ ಎರಡು ಪುಟದಲ್ಲಿ ಮಧ್ಯಾಹ್ನ ಅನ್ನುವುದು ಒಂದು ಸಾಲಿನಲ್ಲೂ ಇರಲಿಲ್ಲ. ಆಗ ಅದು ಹೊಳೆಯಿತು.

"ಕೂಸಿದ್ದಾಗ ನೀ ಎಲ್ಲಿ ಮಲಗತಿದ್ದಿ, ಅದರ ಗೊತ್ತೈತೇನು?" ಅವ್ವ ಕೇಳಿದಳು.

"ಮನ್ಯಾಗ."

"ಮನ್ಯಾಗ ಯಾರಿದ್ರು? ನಿಮ್ಮಪ್ಪ ಚೀಲ ಹೊರತಿದ್ದ, ನಾ ಕಣದಾಗ. ಜೋಡೀಲೆ ಕರಕೊಂಡು ಬರತಿದ್ದೆ. ಗೋದಾಮಿನಾಗ ಕೂಸು ಹಾಕಬಾರದಂತ ಹೇಳಿದ್ರು, ಧೂಳು. ಬಾಯ್ಲರ ಕಡಿಗೆ ಬೆಂಕಿ. ಇಷ್ಟು ದೊಡ್ಡ ಮಿಲ್ಲಿನಾಗ ಒಂದು ಗಿಡ ಇರಲಿಲ್ಲ ನೋಡು. ಗಿಡ ಇದ್ರ ಕಣಕ್ಕ ನೆಳ್ಳು ಬೀಳತೈತಿ, ನೆಲ್ಲು ಒಣಗಂಗಿಲ್ಲ, ಅದಕ್ಕ ಎಲ್ಲಾ ಕಡದಿದ್ರು. ನೆಳ್ಳು ಅಂತ ಇದ್ದದ್ದು ಗಾಡಿ ಬುಡಕ ಅಷ್ಟ. ಹಳ್ಳಿಯಿಂದ ನೆಲ್ಲು ಹೇರಿಕೊಂಡು ಬಂದು ನಿಂದರತಿದ್ವಲ್ಲ, ಎತ್ತಿನ ಗಾಡಿ, ಅದರ ಬುಡಕ ಗೋಣಿ ಹಾಸಿ ನಿನ್ನ ಮಲಗಸ್ತಿದ್ದೆ."

ಖಾಜಾಬಿ ಚಿಗವ್ವ ಪುಸ್ತಕದ ಕಪಾಟಿಗೆ ಒರಗಿ ನಿಂತಿದ್ದವಳು ನಕ್ಕಳು. "ಹೇಳು, ಹೇಳು. ಗಾಡಿ ಹೋದ್ರ?"

"ಚೀಲ ಇಳಿಸ್ತಿದ್ದಂಗ ಗಾಡಿ ಹೋಗತಿತ್ತು" ಎಂದಳು ಅವ್ವ. "ನೆಳ್ಳು ಎದ್ದು ಹೋಗತಿತ್ತು. ನಾ ಕಣದ ಆ ಕಡಿಗೆ ಇರತಿದ್ದೆ. ಗಾಡಿ ಹೂಡೋದು ಕಂಡ ಕೂಡ್ಲೆ ಓಡಿ ಬಂದು ನಿನ್ನ ಎತ್ತಿಕೊಂಡು ಇನ್ನೊಂದು ಗಾಡಿ ಬುಡಕ ಹಾಕ್ತಿದ್ದೆ. ಒಂದೊಂದು ದಿನ ಆರು ಗಾಡಿ, ಏಳು ಗಾಡಿ. ಓಡೋದು ಆ ಗಚ್ಚಿನ ಮ್ಯಾಲೆ, ಬರಿಗಾಲಾಗ. ರಾರಾವಿ ಊರಿಂದ ಗಾಡಿ ಹೊಡಕೊಂಡು ಬರೋ ಮುದುಕ ಒಬ್ಬ ಇದ್ದ, ಪಾಪ. ನೀ ಮಲಗಿದ್ರ ಎತ್ತು ಹೂಡತಿರಲಿಲ್ಲ. ಇನ್ನೊಂದು ಬೀಡಿ ಹಚ್ಚತಿದ್ದ."

"ಇನ್ನೊಂದು ಅಲ್ಲಲೇ, ನಾಕು" ಎಂದಳು ಖಾಜಾಬಿ. "ಈಕಿ ಸಲುವಾಗಿ ಅವನ ಎದಿ ಸುಟ್ಟು ಹೋತು."

ನನ್ನ ದಿನಚರಿಗಳು ಮನೆಯ ಅಟ್ಟದ ಮೇಲೆ ಒಂದು ಟ್ರಂಕಿನ ತುಂಬ ಇವೆ. ಅವುಗಳಲ್ಲಿ ಈ ಗಾಡಿಗಳಿಲ್ಲ, ಆ ಮುದುಕನಿಲ್ಲ. ನಾನು ಯಾವುದನ್ನು ನೆನೆದು ನೆನೆದು ಅತ್ತೆನೋ ಅದು ಸಂಜೆಯ ಒಂದು ಗಂಟೆ ಮಾತ್ರ. ಅದಕ್ಕಿಂತ ಮುಂಚಿನ ಹೊತ್ತನ್ನೆಲ್ಲ ಇನ್ನೊಬ್ಬರು ಓಡಿ ಓಡಿ ಕಳೆದಿದ್ದರು. ನನಗೆ ಅಳು ಬರಲಿಲ್ಲ. ಅರ್ಜಿ ಬರೆಯುವಾಗ ಬಂದಿತ್ತಲ್ಲ, ಅದಕ್ಕೇ ನಾಚಿಕೆಯಾಯಿತು.

"ನಿನಗ ಕಣ ನೆಪ್ಪಾಗತೈತಿ, ತಪ್ಪಲ್ಲ" ಎಂದಳು ಅವ್ವ, ನನ್ನ ಮುಖ ನೋಡಿ ದನಿ ಇಳಿಸಿ. "ನನಗೂ ಒಮ್ಮೊಮ್ಮಿ ಆಗತೈತಿ. ನೆಪ್ಪಾಗತೈತಂತ ಇಟಗೊಳ್ಳಾಕ ಆಗತೈತೇನು? ಈ ಹುಡುಗ್ರು ಅದರ ಸುತ್ತ ಓಡಾಡಬೇಕಲ್ಲ. ಬಾ, ಹೊಟ್ಟಿ ಹಸದೈತಿ. ನಿಮ್ಮ ಬಾಯ್ಲರದಾಗ ಏನು ಬೇಸ್ಯಾರ ನೋಡೂಣು."

ಎರಡನೆಯ ಅರ್ಜಿ ಬರೆದೆ. ಕಣ ಒಡೆದು ಗಿಡ ಹಚ್ಚಿ ಎಂದು, ಐದೇ ಸಾಲಿನದು. ಮನೆಯವರಿಗೆ ತೋರಿಸಿದೆ. ಓದಿದರು, ಒಂದಕ್ಷರವನ್ನೂ ತಿದ್ದಲಿಲ್ಲ. ಗೆದ್ದವರಂತೆ ಮುಖ ಮಾಡಬಹುದಿತ್ತು, ಮಾಡಲಿಲ್ಲ. ಆ ದಿನ ಚಹಾ ಅವರೇ ಮಾಡಿದರು. ಸುಮತಿ ಮೇಡಂ ಅರ್ಜಿ ಓದಿ, ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಅವತ್ತೇ ಹೇಳಬೇಕು ಅನ್ಸಿತ್ತು, ನಿಮ್ಮ ಕಣ್ಣೀರಿಗೆ ಹೆದರಿ ಸುಮ್ಮನಾದೆ" ಎಂದರು. ಗಿಡ ಎಲ್ಲೆಲ್ಲಿ ಎಂದು ನಿಮ್ಮ ತಾಯಿಯನ್ನೇ ಕೇಳೋಣ ಎಂದೂ ಅಂದರು. ಅವ್ವ ಮತ್ತೊಮ್ಮೆ ಬಸ್ಸು ಹತ್ತಿ ಬಂದಳು. ನಕ್ಷೆಯ ಮೇಲಿನ ಹಸಿರು ಚುಕ್ಕೆಗಳನ್ನು ಅವಳು ನೋಡಲಿಲ್ಲ. ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದ ಕಡೆಗೆ ನಡೆದು ಹೋಗಿ, "ಇಲ್ಲಿ" ಎಂದಳು. ಹತ್ತು ಹೆಜ್ಜೆ ಬಿಟ್ಟು, "ಇಲ್ಲಿ." ಮತ್ತೆ ಹತ್ತು ಹೆಜ್ಜೆ. ಏಳು ಕಡೆ ಮೇಡಂ ಸುಣ್ಣದಿಂದ ಗುರುತು ಹಾಕಿದರು. "ಹೊಂಗಿ ಹಚ್ರಿ, ಬೇಸಿಗಿಗೆ ಹಸರಾಗಿರತೈತಿ" ಎಂದು ಹೇಳಿ, ಎಮ್ಮೆ ಹಿಂಡುವುದಿದೆಯೆಂದು ಮೂರು ಗಂಟೆಯ ಬಸ್ಸಿಗೆ ಹೋಗಿಬಿಟ್ಟಳು.

ಗಚ್ಚು ಸುಲಭಕ್ಕೆ ಒಡೆಯಲಿಲ್ಲ. ಯಂತ್ರ ಮೂರು ದಿನ ದಡದಡ ಎಂದಿತು. ಗ್ರಂಥಾಲಯದ ಕಿಟಕಿ ಮುಚ್ಚಿಕೊಂಡು ಕೂತೆ, ಆದರೂ ಮೇಜಿನ ಮೇಲಿನ ನೀರು ನಡುಗುತ್ತಿತ್ತು. ಮೂರನೆಯ ದಿನ ಸಂಜೆ ಯಂತ್ರ ನಿಂತ ಮೇಲೆ ಹೋಗಿ ನೋಡಿದೆ. ಮಗುಚಿ ಬಿದ್ದ ತುಂಡುಗಳ ಕೆಳಗೆ ಎರೆಮಣ್ಣು ಕಪ್ಪಗೆ, ತಣ್ಣಗೆ ಇತ್ತು. ಅಷ್ಟು ವರ್ಷ ಅದು ಅಲ್ಲೇ ಇತ್ತು. ಒಂದು ತುಂಡನ್ನು ಸೆರಗಿನಲ್ಲಿ ಮುಚ್ಚಿ ಮನೆಗೆ ತಂದೆ. ಮನೆಯವರು ಏನೆಂದು ಕೇಳದೆ ಅದನ್ನು ಹಿತ್ತಲ ಬಾಗಿಲಿಗೆ ಒತ್ತುಗಲ್ಲಾಗಿ ಇಟ್ಟರು. ಹೇಳಬೇಕೆಂದರೆ, ಅದು ಈಗಲೂ ನನ್ನ ಕಾಲಿಗೆ ವಾರಕ್ಕೊಮ್ಮೆ ತಾಗುತ್ತದೆ. ಸಂಜೆ ಐದರ ಹೊತ್ತಿಗೆ ಹೊಂಗೆಯ ಸಸಿಗಳ ನಡುವೆ ನಿಂತರೆ ಬೆಚ್ಚನೆ ಭತ್ತದ ವಾಸನೆ ಬಂದಂತಾಗುತ್ತದೆ. ಬರುವುದಿಲ್ಲ, ನನಗೆ ಗೊತ್ತು. ಆದರೂ ನಿಲ್ಲುತ್ತೇನೆ.

ಈ ಯುಗಾದಿಯ ಮರುದಿನ ಅವ್ವ ತಾನಾಗಿಯೇ ಬಂದಳು, ಯಾರೂ ಕರೆಯದೆ. ಬಿರುಬಿಸಿಲು, ನೆತ್ತಿಯ ಮೇಲೆ ಸೂರ್ಯ. ಸಸಿಗಳು ಅವಳ ಭುಜದ ಎತ್ತರಕ್ಕೆ ಬಂದಿದ್ದವು, ಎಲೆ ಎಳೆಯದಾಗಿ ಹೊಳೆಯುತ್ತಿತ್ತು. ಮೊದಲ ಸಸಿಯ ಬಳಿ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಕುಕ್ಕರುಗಾಲಲ್ಲಿ ಕೂತಳು. ಗಿಡವನ್ನು ನೋಡಲಿಲ್ಲ, ಅದರ ಬುಡದಲ್ಲಿ ಬಿದ್ದಿದ್ದ ನೆರಳನ್ನು ನೋಡಿದಳು. ಎರಡು ಕೈಗಳನ್ನು ಒಂದು ಮೊಳಕ್ಕಿಂತ ತುಸು ಹೆಚ್ಚು ಅಗಲಿಸಿ, ಆ ಅಳತೆಯನ್ನು ಕೆಡಿಸದೆ ಹಾಗೇ ತಂದು ನೆರಳಿನ ಮೇಲೆ ಹಿಡಿದಳು. ಒಂದು ಕೈ ನೆರಳಿನಲ್ಲಿತ್ತು, ಇನ್ನೊಂದು ಬಿಸಿಲಿಗೆ ಬಿತ್ತು.

"ಈ ವರ್ಷ ಸಾಲದು" ಎಂದಳು. "ಬರೋ ವರ್ಷಕ್ಕ ಒಂದು ಕೂಸು ಹಿಡೀತೈತಿ."